ಕೃಷಿ ಭಾಗ್ಯದ ಹೊಂಡ: ನೀರಿನ ಬಗ್ಗೆ ಖುಷಿ, ಬೇಲಿಯ ಬಗ್ಗೆ ಬೇಸರ

ಚಿತ್ರದುರ್ಗ ಜಿಲ್ಲೆಯಲ್ಲಿ ನಮ್ಮದು ಮಳೆ ನಂಬಿದ ಬೇಸಾಯ. ಕೆಂಪು ಮಣ್ಣು, ಮುಂಗಾರಿಗೆ ಶೇಂಗಾ. ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆನೀರು ಹಿಡಿದಿಡೋ ಹೊಂಡ ಮಾಡಿಸಿದ್ದೇವೆ. ಮಾಡಿಸಬೇಕಾ ಬೇಡವಾ ಅಂತ ತುಂಬಾ ಜನ ಕೇಳುತ್ತಾರೆ. ಖಂಡಿತ ಮಾಡಿಸಿ. ಆದರೆ ಬೇಲಿ ಹಾಕದೆ ನೀರು ತುಂಬೋಕೆ ಬಿಡಬೇಡಿ.

ಯೋಜನೆ ಶುರುವಾಗಿದ್ದು 2014-15ರಲ್ಲಿ. ನಡುವೆ ನಿಂತು 2023-24ರಲ್ಲಿ ಮತ್ತೆ ಬಂತು. ಹೊಂಡ ತೋಡೋಕೆ, ತಾಡಪಾಲು ಹಾಸೋಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನ. ಇದು ಇಲಾಖೆ ಗೊತ್ತು ಮಾಡಿದ ದರದ ಲೆಕ್ಕ, ಜೆಸಿಬಿಯವರು ಕೇಳೋ ಬಾಡಿಗೆಯ ಲೆಕ್ಕ ಅಲ್ಲ. ಕೆಳಗೆ ಗಟ್ಟಿ ನೆಲ ಸಿಕ್ಕರೆ ಗಂಟೆ ಏರುತ್ತೆ, ಆ ಹೆಚ್ಚಿನ ದುಡ್ಡು ನಮ್ಮದೇ. ತೋಡಿಸೋ ಖರ್ಚನ್ನೂ ಮೊದಲು ನಾವೇ ಹಾಕಬೇಕು. ಅಳತೆ, ಫೋಟೊ ಎಲ್ಲಾ ಆದ ಮೇಲೆ ಹಣ ಖಾತೆಗೆ ಬರೋದು. ಕೈಯಲ್ಲಿ ಕಾಸಿಲ್ಲದ ಸಣ್ಣ ರೈತ ಬಡ್ಡಿಗೆ ತರಬೇಕಾಗುತ್ತೆ. ಇದು ಬದಲಾಗಲೇಬೇಕು.

ಇನ್ನು ನೀರಿನ ಮಾತು. ನಮ್ಮದು 21 ಮೀಟರ್ ಚೌಕ, 3 ಮೀಟರ್ ಆಳ. ಬದಿ ಇಳಿಜಾರಾಗಿರೋದರಿಂದ ತುಂಬಿದರೆ ಹೆಚ್ಚೂಕಮ್ಮಿ 10 ಲಕ್ಷ ಲೀಟರ್. ಒಂದು ಎಕರೆಗೆ ಒಂದಿಂಚು ನೀರು ಕೊಡೋಕೆ ಸುಮಾರು 1 ಲಕ್ಷ ಲೀಟರ್ ಬೇಕು. ಬಿಸಿಲಿಗೆ ಆರೋದು ಕಳೆದರೆ, ನಾಲ್ಕು ಎಕರೆಗೆ ಎರಡು ಸಲ ಸ್ಪ್ರಿಂಕ್ಲರ್ ಓಡಿಸಬಹುದು. ಇದನ್ನೇ ನಂಬಿ ಅಡಿಕೆ ಸಸಿ ಇಟ್ಟರೆ ಕೆಟ್ಟಂತೆ.

ಆದರೆ ಆ ಎರಡು ನೀರಿನ ಬೆಲೆ ಶೇಂಗಾ ಬೆಳೆದವರಿಗೆ ಗೊತ್ತು. ಹೂವಾಗಿ ಸೂಜಿ (ಹೂವಿನಿಂದ ಮಣ್ಣಿಗಿಳಿದು ಕಾಯಿ ಕಟ್ಟೋ ಎಳೆ) ಇಳಿಯೋ ಹೊತ್ತಿಗೇ ಮಳೆ ಕೈಕೊಡುತ್ತೆ. ಮೇಲ್ಮಣ್ಣು ಗಟ್ಟಿಯಾದರೆ ಸೂಜಿ ಒಳಗೆ ಹೋಗಲ್ಲ, ಮಣ್ಣಿನ ಮೇಲೇ ತುದಿ ಕಪ್ಪಾಗಿ ಒಣಗುತ್ತೆ. ಗಿಡ ಹಸಿರಾಗೇ ಇರುತ್ತೆ, ಕಿತ್ತು ನೋಡಿದರೆ ಬುಡದಲ್ಲಿ ನಾಲ್ಕು ಜೊಳ್ಳು ಕಾಯಿ. ಹೊಂಡದ ನೀರು ಬಿಟ್ಟ ಕಡೆ ಮಣ್ಣು ಮೆತ್ತಗಾಗಿ ಸೂಜಿ ಇಳಿಯಿತು, ಕಾಯಿ ಗೊಂಚಲಾಗಿ ಬಂತು. ನೀರು ಮುಟ್ಟದ ಸಾಲಿಗೂ ಇದಕ್ಕೂ ಇದ್ದ ವ್ಯತ್ಯಾಸ ದೂರದಿಂದ ಕಾಣಲ್ಲ, ಕಿತ್ತಾಗಲೇ ಕಾಣೋದು.

ಬೇಸರ ಇರೋದು ಬೇಲಿ ವಿಷಯದಲ್ಲಿ. ಹೊಂಡಕ್ಕೆ ಶೇ 80 ಕೊಡೋ ಯೋಜನೆ, ಸುತ್ತ ತಂತಿ ಬೇಲಿಗೆ ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರಿಗೆ ಶೇ 50 ಮಾತ್ರ ಕೊಡುತ್ತೆ. ಯಾಕೆ ಹೀಗೆ? ತಾಡಪಾಲಿನ ಮೇಲೆ ಪಾಚಿ ಕಟ್ಟಿದರೆ ದೊಡ್ಡವರ ಕಾಲೂ ನಿಲ್ಲಲ್ಲ. ಈಜು ಬಂದರೂ ಹತ್ತಿ ಬರೋಕೆ ಹಿಡಿತ ಸಿಗಲ್ಲ. ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ಸತ್ತ ಸುದ್ದಿ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಬೇಲಿಗೂ ಹೊಂಡದಷ್ಟೇ ಸಹಾಯಧನ ಕೊಡಲಿ. ನಾವಂತೂ ಬೇಲಿ ಜೊತೆಗೆ ನಾಲ್ಕೂ ಮೂಲೆಗೆ ಗೂಟ ಹೊಡೆದು, ಗಂಟು ಹಾಕಿದ ಹಗ್ಗ ನೀರಿನ ತನಕ ಇಳಿಬಿಟ್ಟಿದ್ದೇವೆ. ಖರ್ಚೇನೂ ಜಾಸ್ತಿ ಇಲ್ಲ, ನೀವೂ ಮಾಡಿ.

ಅರ್ಜಿ ಕೊಡೋದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಪಹಣಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ, ಅಂದರೆ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಎಷ್ಟೋ ಮನೆಯವರು ಸಿಕ್ಕಿಹಾಕಿಕೊಳ್ಳೋದು ಅಲ್ಲೇ.