ಕ್ಯುಪರ್ಟಿನೊ ನಗರದ ಝೋನಿಂಗ್: ಬಾಡಿಗೆದಾರರೊಬ್ಬರ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ ಎರಡೂವರೆ ಸ್ಟಾರ್. ಶಾಲೆ, ಲೈಬ್ರರಿ, ಪಾರ್ಕು, ರಸ್ತೆ ಬದಿಯ ಮರಗಳಿಗೆ ಮಾತ್ರ ಆಗಿದ್ದರೆ ಐದಕ್ಕೆ ಐದೂ ಕೊಡುತ್ತಿದ್ದೆ. ಆದರೆ ನಾನು ಬರೆಯುತ್ತಿರುವುದು ಊರಿನ ಅಂದದ ಬಗ್ಗೆ ಅಲ್ಲ. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ ತನ್ನ ಜಾಗವನ್ನು ಯಾವುದಕ್ಕೆ ಎಷ್ಟು ಅಂತ ಹಂಚಿದೆ, ಒಂದು ಎಕರೆಯಲ್ಲಿ ಎಷ್ಟು ಮನೆ ಕಟ್ಟಲು ಬಿಟ್ಟಿದೆ, ಅದರ ಬಗ್ಗೆ, ಅಂದರೆ ಝೋನಿಂಗ್ ಬಗ್ಗೆ. ಇದೂ ನಾವು ತೆರಿಗೆ ಕೊಟ್ಟು, ಬಾಡಿಗೆ ಕೊಟ್ಟು ಪಡೆಯುವ ಸೇವೆಯೇ ಅಲ್ವಾ? ಬೆಂಗಳೂರು, ಮೈಸೂರು ಕಡೆಯಿಂದ ಇಲ್ಲಿಗೆ ಬರುವ ನಮ್ಮವರು ಮೊದಲು ಕೇಳುವುದು ಶಾಲೆಯ ರೇಟಿಂಗ್. ಊರಿನ ಝೋನಿಂಗ್ ಮ್ಯಾಪ್ ತೆಗೆದು ನೋಡುವವರು ಕಡಿಮೆ. ಒಮ್ಮೆ ನೋಡಿ. ಬಾಡಿಗೆ ಯಾಕೆ ಹೀಗಿದೆ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮ್ಯಾಪ್ ನಗರದ ವೆಬ್‌ಸೈಟಿನಲ್ಲೇ ಇದೆ. ಅದರಲ್ಲಿ ಹೆಚ್ಚು ಕಡೆ ಕಾಣುವುದು ಆರ್1 ಅಂತ. ಒಂದು ಸೈಟಿಗೆ ಒಂದೇ ಕುಟುಂಬದ ಮನೆ ಅಂತ ಇದರ ಅರ್ಥ. ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ: ಆರ್1-5, ಆರ್1-6, ಆರ್1-7.5, ಆರ್1-10, ಆರ್1-20. ಸೈಟು ಕನಿಷ್ಠ ಎಷ್ಟು ಸಾವಿರ ಚದರಡಿ ಇರಬೇಕು ಅನ್ನುವುದನ್ನು ಆ ಸಂಖ್ಯೆ ಹೇಳುತ್ತದೆ. ನಮ್ಮ ಲೆಕ್ಕಕ್ಕೆ ತಂದುಕೊಳ್ಳಿ. ನಮ್ಮ 30-40 ಸೈಟು 1,200 ಚದರಡಿ. ಆರ್1-7.5 ಅಂದರೆ ಆರು 30-40 ಸೈಟು ಸೇರಿಸಿ ಒಂದೇ ಮನೆ. ಆರ್1-10 ಅಂದರೆ ಎಂಟು ಸೈಟಿಗೂ ಜಾಸ್ತಿ. ಅಷ್ಟು ಜಾಗ ಇದ್ದರೂ ಕಟ್ಟುವ ಒಟ್ಟು ಏರಿಯಾ ಸೈಟಿನ 45% ದಾಟುವಂತಿಲ್ಲ, ಎತ್ತರ 28 ಅಡಿ ಮೀರುವಂತಿಲ್ಲ, ಮುಂದೆ 20 ಅಡಿ ಬಿಡಬೇಕು. ಊರು ಹೇಗೆ ಬೆಳೆಯಬೇಕು ಅಂತ ಹೇಳುವ ಜನರಲ್ ಪ್ಲಾನ್ ಪ್ರಕಾರ ಕಡಿಮೆ ಸಾಂದ್ರತೆಯ ಜಾಗದಲ್ಲಿ ಎಕರೆಗೆ ಹೆಚ್ಚೆಂದರೆ 5 ಮನೆ. ಬೆಂಗಳೂರಿನಲ್ಲಿ ಆರು ಸೈಟಿದ್ದ ಕಡೆ ಗ್ರೌಂಡ್ ಪ್ಲಸ್ ಟೂ ಕಟ್ಟಿ, ಮಹಡಿಗೊಂದು ಸಂಸಾರ ಅಂದರೂ ಹದಿನೆಂಟು ಸಂಸಾರ ಬದುಕುತ್ತವೆ. ನಮ್ಮಮ್ಮ ಇಲ್ಲಿಗೆ ಬಂದಾಗ ಸಂಜೆ ವಾಕಿಂಗ್‌ನಲ್ಲಿ ಕೇಳಿದ್ದು ಇದನ್ನೇ, "ಇಷ್ಟು ಜಾಗಕ್ಕೆ ಒಂದೇ ಮನೇನಾ ಪುಟ್ಟಾ, ಮೇಲೆ ಬಾಡಿಗೆಗೆ ಕೊಡಲ್ವಾ?"

ಬೆಂಗಳೂರಿನ ಥರ ಮಾಡಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಸೆಟ್‌ಬ್ಯಾಕ್ ನುಂಗಿ ಪಕ್ಕದ ಮನೆಯ ಕಿಟಕಿಗೆ ಗೋಡೆ ಎಬ್ಬಿಸುವುದು, ಒಂದೇ ರಸ್ತೆಯಲ್ಲಿ ಎಲ್ಲ ಮನೆಗೂ ನಾಲ್ಕು ಮಹಡಿ ಬಂದು ಚರಂಡಿ ಮಾತ್ರ ಹಳೆಯದೇ ಇರುವುದು, ಇದೆಲ್ಲ ನೋಡಿ ಬೆಳೆದವಳು ನಾನು. ನಿಯಮ ಇದ್ದು ಅದನ್ನು ಪಾಲಿಸಿದರೆ ಬದುಕು ಎಷ್ಟು ಹಗುರ ಅನ್ನುವುದನ್ನು ಇಲ್ಲಿ ದಿನಾ ನೋಡುತ್ತೇನೆ. ನನ್ನ ತಕರಾರು ನಿಯಮ ಇರುವುದಕ್ಕೆ ಅಲ್ಲ. ಆ ನಿಯಮ ಯಾರನ್ನು ಹೊರಗಿಡುತ್ತಿದೆ ಅನ್ನುವುದಕ್ಕೆ.

ಕ್ಯುಪರ್ಟಿನೊ ನಗರವಾಗಿದ್ದು 1955ರಲ್ಲಿ. ಅದಕ್ಕೂ ಮುಂಚೆ ಇಲ್ಲಿದ್ದದ್ದು ಹಣ್ಣಿನ ತೋಟಗಳು. ತೋಟ ಹೋಗಿ ಒಂಟಿ ಮನೆಗಳ ಬಡಾವಣೆಗಳು ಬಂದವು, ಆಮೇಲೆ ಕಂಪನಿಗಳು ಬಂದವು. ಆಪಲ್‌ನ ದೊಡ್ಡ ಕ್ಯಾಂಪಸ್‌ಗೆ ನಗರ ಒಪ್ಪಿಗೆ ಕೊಟ್ಟಿದ್ದು 2013ರಲ್ಲಿ, ಅದು ತೆರೆದದ್ದು 2017ರಲ್ಲಿ. 175 ಎಕರೆ, ಸುಮಾರು 12,000 ಜನಕ್ಕೆ ಕೆಲಸದ ಜಾಗ, ಸುಮಾರು 11,000 ಕಾರು ನಿಲ್ಲಿಸಲು ಜಾಗ. ಅದೇ ಹೊತ್ತಿನ ಎಂಟು ವರ್ಷದ ಅವಧಿಗೆ, ಅಂದರೆ 2023ರ ಆರಂಭದೊಳಗೆ, ರಾಜ್ಯದ ಕಾನೂನಿನಂತೆ ಈ ನಗರ ಜಾಗ ತೋರಿಸಬೇಕಿದ್ದ ಹೊಸ ಮನೆಗಳು 1,064. ಅಲ್ಲಿ ಕೆಲಸ ಮಾಡುವವರೆಲ್ಲ ಹೊಸದಾಗಿ ಬಂದವರಲ್ಲ, ಎಷ್ಟೋ ಜನ ಮೊದಲೇ ಸುತ್ತಮುತ್ತ ಇದ್ದವರು, ಅದು ನಿಜ. ಆದರೂ ಆ ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. ಕೆಲಸಕ್ಕೆ ಜಾಗ ಕೊಡುವಾಗ ಇದ್ದ ಧಾರಾಳತನ ಕೆಲಸಗಾರರಿಗೆ ಮನೆ ಕೊಡುವಾಗ ಇಲ್ಲ. ಈ ಊರಿನಲ್ಲಿ ರೈಲ್ವೆ ಸ್ಟೇಷನ್ ಕೂಡ ಇಲ್ಲ, ಕ್ಯಾಲ್‌ಟ್ರೇನ್ ಹಿಡಿಯಬೇಕೆಂದರೆ ಸನಿವೇಲ್‌ಗೆ ಹೋಗಬೇಕು, ಸ್ಟೀವನ್ಸ್ ಕ್ರೀಕ್ ರಸ್ತೆಯಲ್ಲಿ 23 ಮತ್ತು 523 ನಂಬರಿನ ಬಸ್ಸುಗಳಿವೆ, ಉಳಿದವರೆಲ್ಲ ಕಾರಿನಲ್ಲೇ, ಹಾಗಾಗಿ ಬೆಳಿಗ್ಗೆ 280 ಮತ್ತು 85 ಹೆದ್ದಾರಿಗಳಲ್ಲಿ ಸಾಲುಗಟ್ಟಿ ನಿಲ್ಲುವವರಲ್ಲಿ ಅನೇಕರು ಇಲ್ಲಿ ಕೆಲಸ ಮಾಡಿ ಬೇರೆಲ್ಲೋ ಮಲಗುವವರು. "ಜಾಸ್ತಿ ಮನೆ ಬಂದರೆ ಟ್ರಾಫಿಕ್ ಜಾಸ್ತಿ ಆಗುತ್ತದೆ" ಅನ್ನುವ ಮಾತು ಪ್ರತಿ ಸಭೆಯಲ್ಲೂ ಕೇಳುತ್ತದೆ. ಮನೆ ಇಲ್ಲದ್ದರಿಂದ ಹುಟ್ಟಿದ ಟ್ರಾಫಿಕ್ ಬಗ್ಗೆ ಅಷ್ಟೇ ಗಟ್ಟಿಯಾಗಿ ಯಾರೂ ಮಾತಾಡುವುದಿಲ್ಲ.

ವಾಲ್ಕೊ ಮಾಲ್‌ನ ಕಥೆ ಇಲ್ಲಿ ಹೇಳಲೇಬೇಕು. 1976ರಲ್ಲಿ ತೆರೆದ ಮಾಲ್ ಅದು. ಒಂದೊಂದೇ ಅಂಗಡಿ ಮುಚ್ಚುತ್ತಾ ಬಂದು ಖಾಲಿ ಹೊಡೆಯಿತು. ಹೆದ್ದಾರಿ ಪಕ್ಕ, ಬಸ್ ಹೋಗುವ ರಸ್ತೆ, ಆಪಲ್ ಕ್ಯಾಂಪಸ್ ಹತ್ತಿರ, ಯಾರ ಹಿತ್ತಲನ್ನೂ ಒಡೆಯಬೇಕಾಗಿಲ್ಲ. ಮನೆ ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಈ ಊರಿನಲ್ಲಿ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. 2016ರ ನವೆಂಬರ್‌ನಲ್ಲಿ ಇದೇ ಜಾಗದ ಮೇಲೆ ಎರಡು ಪ್ರಸ್ತಾಪ ಮತಕ್ಕೆ ಬಂದವು. ಹೊಸ ಕಟ್ಟಡಗಳಿಗೆ ಕಡಿವಾಣ ಹಾಕುವ ನಿವಾಸಿಗಳ ಮೆಷರ್ ಸಿ ಒಂದು, ಮಾಲೀಕ ಕಂಪನಿಯ ಯೋಜನೆಗೆ ದಾರಿ ಮಾಡುವ ಮೆಷರ್ ಡಿ ಇನ್ನೊಂದು. ಎರಡೂ ಸೋತವು! ಊರು ಏನೂ ನಿರ್ಧಾರ ಮಾಡಲಿಲ್ಲ. 2018ರಲ್ಲಿ ಕಂಪನಿ ರಾಜ್ಯದ ಎಸ್‌ಬಿ 35 ಕಾನೂನು ಹಿಡಿದು ಬಂತು. ಮನೆಯ ಗುರಿ ತಲುಪದ ಊರಿನಲ್ಲಿ, ನಿಯಮಕ್ಕೆ ಹೊಂದುವ, ಕಡಿಮೆ ಆದಾಯದವರಿಗೂ ಮನೆ ಇರುವ ಯೋಜನೆಗೆ ಸುಮ್ನೆ ತಡೆ ಹಾಕಬಾರದು ಅನ್ನುವ ಕಾನೂನು ಅದು. 2,402 ಮನೆ, ಅದರಲ್ಲಿ ಅರ್ಧ ಕಡಿಮೆ ಆದಾಯದವರಿಗೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಗರದಿಂದ ಒಪ್ಪಿಗೆ ಬಂತು, ಕೆಲವು ನಿವಾಸಿಗಳು ಕೋರ್ಟಿಗೆ ಹೋದರು, 2020ರಲ್ಲಿ ಕೋರ್ಟ್ ಒಪ್ಪಿಗೆಯನ್ನು ಎತ್ತಿಹಿಡಿಯಿತು. ಮಾಲ್ ಕೆಡವಿದ್ದೂ ಆಯಿತು. ಆಮೇಲೂ ಪ್ಲಾನ್ ಬದಲಾಯಿತು, ವರ್ಷಗಳು ಹೋದವು. ಒಪ್ಪಿಗೆ ಸಿಕ್ಕಾಗ ಹುಟ್ಟಿದ ಮಕ್ಕಳು ಶಾಲೆಗೆ ಸೇರಿದ ಹೊತ್ತಿಗೂ ಅಲ್ಲಿ ಒಂದು ಸಂಸಾರವೂ ಹಾಲು ಉಕ್ಕಿಸಿರಲಿಲ್ಲ. ಈ ರಿವ್ಯೂನಲ್ಲಿ ಜಾಸ್ತಿ ಸ್ಟಾರ್ ಹೋಗಿದ್ದು ಇದೊಂದರಲ್ಲೇ.

ಅದಾದ ಮೇಲೆ ರಾಜ್ಯ ಸರ್ಕಾರ ಲೆಕ್ಕ ಬಿಗಿ ಮಾಡಿತು. 2023ರಿಂದ 2031ರ ಅವಧಿಗೆ ಕ್ಯುಪರ್ಟಿನೊ ಜಾಗ ತೋರಿಸಬೇಕಾದದ್ದು 4,588 ಮನೆಗಳಿಗೆ. ಪ್ಲಾನ್ ಸಲ್ಲಿಸಿ ಒಪ್ಪಿಸಿಕೊಳ್ಳಲು ಕೊನೆಯ ದಿನ 2023ರ ಜನವರಿ 31 ಆಗಿತ್ತು. ದಿನ ದಾಟಿತು, ಮನೆ ಬೇಕು ಅನ್ನುವ ಸಂಘಟನೆಗಳು ಕೇಸ್ ಹಾಕಿದವು, ಕೊನೆಗೆ ರಾಜ್ಯದ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ತಡ ಮಾಡಿದ್ದಕ್ಕೆ ಊರಿಗೇ ನಷ್ಟ. ಯಾಕೆಂದರೆ ಒಪ್ಪಿಗೆ ಇಲ್ಲದ ಸಮಯದಲ್ಲಿ ಬಿಲ್ಡರ್‌ಗಳು ಒಂದಿಷ್ಟು ಮನೆ ಕಡಿಮೆ ಆದಾಯದವರಿಗೆ ಇಟ್ಟರೆ, ಊರಿನ ಝೋನಿಂಗ್ ಮೀರಿದ ಯೋಜನೆಯನ್ನೂ ತರಬಹುದು, ಅದನ್ನು ತಿರಸ್ಕರಿಸುವುದು ನಗರಕ್ಕೆ ಕಷ್ಟ. ಇದಕ್ಕೆ ಬಿಲ್ಡರ್ಸ್ ರೆಮಿಡಿ ಅಂತಾರೆ. ಎಲ್ಲಿ ಎತ್ತರ, ಎಲ್ಲಿ ತಗ್ಗು ಅಂತ ತಾನೇ ಸಮಾಧಾನವಾಗಿ ಕೂತು ನಿರ್ಧರಿಸಬಹುದಾಗಿದ್ದ ಊರು ಆ ಹಿಡಿತವನ್ನು ಬೇರೆಯವರ ಕೈಗೆ ಕೊಟ್ಟಿತು.

ಈಗ ನನಗೆ ಎಲ್ಲಕ್ಕಿಂತ ಬೇಸರ ತಂದ ವಿಷಯ. ಒಂಟಿ ಮನೆಗೆ 25 ಲಕ್ಷ ಡಾಲರ್ ಕೊಟ್ಟರೂ ಇಲ್ಲಿ ಸಿಗುವುದು ಕಷ್ಟ. ಜನ ಅಷ್ಟು ಕೊಡುವುದು ಶಾಲೆಗಾಗಿ. ಆದರೆ ಚಿಕ್ಕ ಮಕ್ಕಳಿರುವ ವಯಸ್ಸಿನ ಅಪ್ಪ-ಅಮ್ಮಂದಿರ ಕೈಯಲ್ಲಿ ಅಷ್ಟು ದುಡ್ಡು ಇರುತ್ತದಾ? ಹಾಗಾಗಿ ಅಂಥ ಸಂಸಾರಗಳು ಬರುವುದು ಕಡಿಮೆಯಾಗಿ, ಮಕ್ಕಳ ಸಂಖ್ಯೆ ಇಳಿಯುತ್ತಾ ಬಂದು, 2022ರಲ್ಲಿ ರೆಗ್ನಾರ್ಟ್ ಪ್ರಾಥಮಿಕ ಶಾಲೆಯನ್ನು ಮುಚ್ಚಿದರು. ಮಕ್ಕಳು ಕಡಿಮೆಯಾಗಲು ಜನನ ಪ್ರಮಾಣ, ಕೋವಿಡ್ ಕಾರಣಗಳೂ ಇವೆ. ಮನೆ ಬೆಲೆಯೂ ಇದೆ. ಶಾಲೆ ಉಳಿಸಿ ಅಂತ ಬೋರ್ಡ್ ಹಿಡಿಯುವವರು, ಹೊಸ ಅಪಾರ್ಟ್‌ಮೆಂಟ್ ಬೇಡ ಅಂತಲೂ ಬೋರ್ಡ್ ಹಿಡಿದರೆ ಶಾಲೆಗೆ ಮಕ್ಕಳು ಎಲ್ಲಿಂದ ಬರಬೇಕು? ಆ ಮಕ್ಕಳಿಗೆ ಪಾಠ ಹೇಳುವ ಟೀಚರ್‌ಗಳಿಗೂ ಇಲ್ಲಿ ಮನೆ ಕೈಗೆಟುಕುವುದಿಲ್ಲ, ಅದಂತೂ ಸಂಕಟ.

ಚೆನ್ನಾಗಿರುವುದನ್ನೂ ಹೇಳಬೇಕು. ಪಶ್ಚಿಮದ ಗುಡ್ಡಗಳ ಕಡೆ ಕಟ್ಟಡಕ್ಕೆ ಬಿಗಿ ಹಾಕಿರುವುದು ಪೂರ್ತಿ ಸರಿ. ಇಳಿಜಾರು, ಮಣ್ಣು ಕುಸಿತ, ಬೆಂಕಿಯ ಭಯ, ಹತ್ತಿರದಲ್ಲೇ ಭೂಕಂಪ ತರುವ ಸಾನ್ ಆಂಡ್ರಿಯಾಸ್ ಬಿರುಕು. ಅಲ್ಲಿ ಮನೆ ಹರಡದೆ ಬಯಲಿನಲ್ಲಿ, ಬಸ್ ರಸ್ತೆಯ ಪಕ್ಕ ಮಹಡಿ ಏರಿಸುವುದೇ ಜಾಣತನ. ಫೇರ್‌ಗ್ರೋವ್ ಬಡಾವಣೆಯಲ್ಲಿ ಐಕ್ಲರ್ ಅನ್ನುವ ಬಿಲ್ಡರ್ 1960ರ ದಶಕದಲ್ಲಿ ಕಟ್ಟಿಸಿದ ಮನೆಗಳಿವೆ, ದೊಡ್ಡ ಗಾಜು, ತಗ್ಗು ಮಾಡು, ಅವುಗಳ ರೂಪ ಕೆಡದ ಹಾಗೆ ಬೇರೆಯೇ ನಿಯಮ ಮಾಡಿದ್ದಾರೆ. ಆ ಬೀದಿಗಳಲ್ಲಿ ಒಮ್ಮೆ ನಡೆದು ನೋಡಿ, ಖುಷಿಯಾಗುತ್ತದೆ.

ಮಾಹಿತಿ ಕೊಡುವುದರಲ್ಲಿ ಈ ಊರಿಗೆ ಪೂರ್ತಿ ಅಂಕ. ಯಾವ ಸೈಟಿಗೆ ಯಾವ ಝೋನ್, ಯಾವ ಅರ್ಜಿ ಎಲ್ಲಿಗೆ ಬಂತು, ಎಲ್ಲ ಮನೆಯಲ್ಲೇ ಕೂತು ನೋಡಬಹುದು. ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲೇ ಹಾಕಬೇಕು ಅನ್ನುವುದು ರಾಜ್ಯದ ಕಾನೂನು. ಬೆಂಗಳೂರಿನಲ್ಲಿ 2007ರಲ್ಲಿ ಬಂದ ಮಾಸ್ಟರ್ ಪ್ಲಾನ್ 2015ಕ್ಕೆ ಅಂತ ಮಾಡಿದ್ದು, ಆ ವರ್ಷ ದಾಟಿ ಎಷ್ಟೋ ಕಾಲ ಅದೇ ನಡೆಯಿತು. ಆ ಸ್ಥಿತಿ ನೋಡಿದವರಿಗೆ ಇಲ್ಲಿನ ಕ್ರಮದ ಬೆಲೆ ಗೊತ್ತಾಗುತ್ತದೆ.

ಸ್ವಂತ ಮನೆ ಇರುವವರಿಗೆ ಒಂದು ಮಾತು. ಹಿತ್ತಲಲ್ಲಿ ಎಡಿಯು, ಅಂದರೆ ನಾವು ಔಟ್‌ಹೌಸ್ ಅನ್ನುವಂಥದ್ದು, ಕಟ್ಟಲು ರಾಜ್ಯದ ಕಾನೂನು ಈಗ ಚೆನ್ನಾಗಿ ಬಾಗಿಲು ತೆಗೆದಿದೆ. ಪಕ್ಕಕ್ಕೂ ಹಿಂದಕ್ಕೂ 4 ಅಡಿ ಬಿಟ್ಟು 800 ಚದರಡಿಯದ್ದು ಕಟ್ಟುತ್ತೇವೆ ಅಂದರೆ ನಗರ ಸುಲಭಕ್ಕೆ ಇಲ್ಲ ಅನ್ನುವಂತಿಲ್ಲ. ಊರಿಂದ ಅಪ್ಪ-ಅಮ್ಮ ಬಂದು ಆರು ತಿಂಗಳು ಇರುವ ಮನೆಗಳಿಗೆ ಇದು ವರ. ಎಸ್‌ಬಿ 9 ಅಂತ ಇನ್ನೊಂದು ಕಾನೂನು 2022ರಿಂದ ಜಾರಿಯಲ್ಲಿದೆ. ಷರತ್ತಿಗೆ ಹೊಂದುವ ಒಂಟಿ ಮನೆ ಸೈಟನ್ನು ಎರಡು ಮಾಡಿ, ಒಂದೊಂದರಲ್ಲೂ ಎರಡು ಮನೆ ಕಟ್ಟಬಹುದು. ಕಟ್ಟುವ ಖರ್ಚು ಮಾತ್ರ ವಿಪರೀತ, ಹಾಗಾಗಿ ಇವೆರಡರಿಂದಲೇ ಬಾಡಿಗೆ ಇಳಿಯುತ್ತದೆ ಅಂತ ಕಾಯಬೇಡಿ.

ಹಳೆಯ ನಿವಾಸಿಗಳ ಮೇಲೆ ನನಗೆ ಸಿಟ್ಟಿಲ್ಲ. ದುಡಿದು ಕಟ್ಟಿಕೊಂಡ ಬೀದಿ ಬದಲಾಗುತ್ತದೆ ಅನ್ನುವ ಭಯ ಯಾರಿಗಾದರೂ ಇರುತ್ತದೆ. ಆದರೆ 1978ರ ಪ್ರೊಪೊಸಿಷನ್ 13 ಇಂದಾಗಿ ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ 2%ಗಿಂತ ಜಾಸ್ತಿ ಏರುವುದಿಲ್ಲ. ಮನೆ ಬೆಲೆ ಎಷ್ಟೇ ಏರಿದರೂ ಹಳೆಯ ಮಾಲೀಕರಿಗೆ ಅದರ ಬಿಸಿ ತಟ್ಟುವುದಿಲ್ಲ. ತಟ್ಟುವುದು ಹೊಸದಾಗಿ ಕೊಳ್ಳುವವರಿಗೆ ಮತ್ತು ಪ್ರತಿ ವರ್ಷ ಲೀಸ್ ನವೀಕರಿಸುವ ನಮ್ಮಂಥವರಿಗೆ. ಸಭೆಗೆ ಬಂದು ಮಾತಾಡುವವರು ಮಾತ್ರ ಹೆಚ್ಚಾಗಿ ಮಾಲೀಕರೇ.

ಇಲ್ಲಿಗೆ ಮನೆ ಹುಡುಕುತ್ತಾ ಬರುತ್ತಿರುವವರು ಆರ್3 ಅಂತ, ಅಂದರೆ ಹಲವು ಕುಟುಂಬಗಳ ಕಟ್ಟಡಕ್ಕೆ ಅಂತ ಇರುವ ಜಾಗ, ಸ್ಟೀವನ್ಸ್ ಕ್ರೀಕ್ ರಸ್ತೆಯ ಅಕ್ಕಪಕ್ಕ ಮೊದಲು ನೋಡಿ, ಬಾಡಿಗೆಗೆ ಸಿಗುವ ಅಪಾರ್ಟ್‌ಮೆಂಟ್‌ಗಳು ಹೆಚ್ಚಾಗಿ ಅಲ್ಲೇ. ನಗರದ ಬಿಎಮ್‌ಆರ್ ಯೋಜನೆಯಲ್ಲಿ ಮಾರುಕಟ್ಟೆಗಿಂತ ಕಡಿಮೆ ಬಾಡಿಗೆಯ ಮನೆಗಳಿವೆ, ಆದಾಯದ ಮಿತಿ ಇದೆ, ಸರದಿ ಉದ್ದ ಇದೆ, ಆದರೂ ಹೆಸರು ಕೊಟ್ಟಿಡಿ. ಬಂದು ನೆಲೆಸಿದವರಿಗೆ ಇನ್ನೊಂದು ಕೇಳಿಕೆ. ವೀಸಾದಲ್ಲಿ ಇದ್ದೇವೆ, ವೋಟ್ ಇಲ್ಲ, ನಮಗ್ಯಾಕೆ ಅಂತ ನಮ್ಮವರು ಸುಮ್ಮನಿರುವುದನ್ನು ಬಹಳ ನೋಡಿದ್ದೇನೆ. ಮಾತಾಡಲು ಪೌರತ್ವ ಬೇಕಿಲ್ಲ. ಸ್ವಂತ ಮನೆಯೂ ಬೇಕಿಲ್ಲ. ಸಿಟಿ ಕೌನ್ಸಿಲ್ ಸೇರುವುದು ತಿಂಗಳ ಮೊದಲ ಮತ್ತು ಮೂರನೇ ಮಂಗಳವಾರ, ಪ್ಲ್ಯಾನಿಂಗ್ ಕಮಿಷನ್ ಎರಡನೇ ಮತ್ತು ನಾಲ್ಕನೇ ಮಂಗಳವಾರ. ಅಜೆಂಡಾದಲ್ಲಿ ಮನೆಗಳ ವಿಷಯ ಇದೆಯಾ ನೋಡಿಕೊಳ್ಳಿ, ಹೋಗಲು ಆಗದಿದ್ದರೆ ಈಮೇಲ್ ಬರೆಯಿರಿ, ಬಾಡಿಗೆ ಎಷ್ಟು ಏರಿತು, ಮಕ್ಕಳ ಶಾಲೆ ಯಾವುದು, ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ ಅಂತ ನಾಲ್ಕು ಸಾಲು ಸಾಕು.