ಪೋಸ್ಟ್‌ಗ್ರೆಸ್ ರೀಸ್ಟೋರ್ ಕಮಾಂಡ್: ಸಿಪಿ, ಎಸ್‌ಎಸ್‌ಎಚ್, ಸ್ಕ್ರಿಪ್ಟ್‌ಗಳಲ್ಲಿ ಯಾವುದು?

ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್ ರಿಕವರಿಯ ವೇಳೆ ಓಡಿಸುವ ರೀಸ್ಟೋರ್ ಕಮಾಂಡನ್ನು ಮೂರು ಬಗೆಯಲ್ಲಿ (ಫೈಲ್ ನಕಲಿಸುವ ಸಿಪಿ, ದೂರದ ಯಂತ್ರದಿಂದ ತರುವ ಎಸ್‌ಎಸ್‌ಎಚ್, ನನ್ನದೇ ಸ್ಕ್ರಿಪ್ಟ್) ಬರೆದು, ಒಂದೊಂದನ್ನೂ ಬೇಕೆಂದೇ ಕೆಡಿಸಿ ನೋಡಿದೆ. ಆರ್ಚೈವ್‌ನಿಂದ (ಪ್ರತಿಗಳನ್ನು ಕೂಡಿಡುವ ಜಾಗ) ವಾಲ್ ಫೈಲ್ (ಡೇಟಾಬೇಸ್‌ನ ಬದಲಾವಣೆಗಳ ದಾಖಲೆ) ತರುವ ಕೆಲಸವನ್ನು ಮೂರೂ ಚೆನ್ನಾಗಿಯೇ ಮಾಡುತ್ತವೆ. ತರಲಾಗದೇ ಹೋದಾಗ ಅವುಗಳ ನಡುವೆ ಅಜಗಜಾಂತರ.

ಸರ್ವರ್ ನೋಡುವುದು ಕಮಾಂಡಿನ ಎಕ್ಸಿಟ್ ಕೋಡನ್ನು, ಅಂದರೆ ಮುಗಿದಾಗ ಅದು ಕೊಡುವ ಸಂಖ್ಯೆಯನ್ನು. 0 ಎಂದರೆ ಫೈಲ್ ಸಿಕ್ಕಿತು. 1ರಿಂದ 125ರವರೆಗೆ ಏನೇ ಬಂದರೂ ‘ಆ ಫೈಲ್ ಆರ್ಚೈವ್‌ನಲ್ಲಿ ಇಲ್ಲ’ ಎಂದುಕೊಳ್ಳುತ್ತದೆ. ಇಲ್ಲದ ಹಿಸ್ಟರಿ ಫೈಲ್‌ಗಳನ್ನೂ (ಟೈಮ್‌ಲೈನ್‌ಗಳ, ಅಂದರೆ ಡೇಟಾಬೇಸ್ ಇತಿಹಾಸದ ಕವಲುಗಳ, ದಾಖಲೆ) ಅದು ಕೇಳುವುದರಿಂದ ಈ ಉತ್ತರ ಮಾಮೂಲಿ. 125 ದಾಟಿದರೆ ಅಥವಾ ಕಮಾಂಡ್ ಪ್ರೋಗ್ರಾಮ್ ನಿಲ್ಲಿಸುವ ಯಾವುದೋ ಸಿಗ್ನಲ್‌ಗೆ ಬಲಿಯಾದರೆ ಫೇಟಲ್. ಸರ್ವರ್ ಅಲ್ಲಿಗೇ ನಿಲ್ಲುತ್ತದೆ. ಸರ್ವರ್ ಮುಚ್ಚುವಾಗ ಬರುವ ಸಿಗ್‌ಟರ್ಮ್ ಸಿಗ್ನಲ್ ಮಾತ್ರ ಇದಕ್ಕೆ ಹೊರತು.

ಬರೀ ಸಿಪಿ ಹಾಕಿ ಆರ್ಚೈವ್ ಡಿಸ್ಕನ್ನು ಅನ್‌ಮೌಂಟ್ ಮಾಡಿದರೆ ಸಿಗುವುದು 1. ಸ್ಟ್ಯಾಂಡ್‌ಬೈಗೆ (ಮುಖ್ಯ ಸರ್ವರನ್ನು ಹಿಂಬಾಲಿಸುವ ಮೀಸಲು ಸರ್ವರ್) ಇದು ಒಳ್ಳೆಯದೇ: ಸ್ಟ್ರೀಮಿಂಗ್‌ಗೆ (ಮುಖ್ಯ ಸರ್ವರ್‌ನಿಂದ ನೇರವಾಗಿ ವಾಲ್ ಪಡೆಯಲು) ಪ್ರಯತ್ನಿಸಿ, ಡೀಫಾಲ್ಟ್ 5 ಸೆಕೆಂಡಿನ ಅಂತರದಲ್ಲಿ ಮತ್ತೆ ಆರ್ಚೈವ್ ಕೇಳುತ್ತದೆ. ಬ್ಯಾಕಪ್‌ನಿಂದ ಡೇಟಾಬೇಸ್ ಎಬ್ಬಿಸುವಾಗ ಮಾತ್ರ ಇದೇ 1 ಭಯಾನಕ. ಬ್ಯಾಕಪ್‌ನ ಕೊನೆಯ ಬಿಂದು ದಾಟಿದ ಮೇಲೆ ಡಿಸ್ಕ್ ಮಾಯವಾದರೆ, ವಾಲ್ ಇಲ್ಲಿಗೆ ಮುಗಿಯಿತೆಂದು ಸರ್ವರ್ ಹೊಸ ಟೈಮ್‌ಲೈನ್‌ನಲ್ಲಿ ತೆರೆದುಕೊಳ್ಳುತ್ತದೆ. ಉಳಿದ ವ್ಯವಹಾರಗಳೆಲ್ಲ (ಟ್ರಾನ್ಸಾಕ್ಷನ್‌ಗಳು) ಕೈಬಿಟ್ಟುಹೋಗಿರುತ್ತವೆ, ಆದರೂ ಎಲ್ಲ ಸರಿಯಾದಂತೆಯೇ ಕಾಣುತ್ತದೆ. ರಿಕವರಿ ಟಾರ್ಗೆಟ್ (ಎಲ್ಲಿಯವರೆಗೆ ಮರಳಿಸಬೇಕೆಂಬ ಗುರಿ) ಕೊಟ್ಟಿದ್ದರೆ 13ನೇ ಆವೃತ್ತಿಯಿಂದೀಚೆಗೆ, ಟಾರ್ಗೆಟ್ ಮುಟ್ಟಲಿಲ್ಲವೆಂದು ಫೇಟಲ್ ಬರುತ್ತದೆ. ಟಾರ್ಗೆಟ್ ಇಲ್ಲದೆ ಕೊನೆಯವರೆಗೂ ಓಡಿಸುವವರಿಗೆ ಆ ರಕ್ಷಣೆ ಇಲ್ಲ.

ಎಸ್‌ಎಸ್‌ಎಚ್ ಇದಕ್ಕೆ ಪೂರ್ತಿ ಉಲ್ಟಾ. ಸಂಪರ್ಕ ಕಡಿದರೆ ಅದು 255 ಕೊಡುತ್ತದೆ. ಬ್ಯಾಕಪ್‌ನಿಂದ ಎಬ್ಬಿಸುವಾಗ ಹೀಗೆ ನಿಲ್ಲುವುದೇ ನಮಗೆ ಬೇಕು. ಆದರೆ ನೆಟ್‌ವರ್ಕ್ ಕ್ಷಣಕಾಲ ತಪ್ಪಿದ್ದಕ್ಕೆ ಸ್ಟ್ಯಾಂಡ್‌ಬೈ ಕೂಡ ಮಲಗಿಬಿಡುತ್ತದೆ. ಅದರ ಮುಂದೆ ಪೈಪ್ ಹಾಕಿ (ಒಂದರ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಟ್ಟು) ಕುಗ್ಗಿಸಿದ ಫೈಲ್ ಬಿಡಿಸುವ ಜಿಅನ್‌ಜಿಪ್ ಸೇರಿಸಿದರೋ, ಶೆಲ್ ಪೈಪಿನ ಕೊನೆಯ ಕಮಾಂಡಿನ ಕೋಡನ್ನಷ್ಟೇ ಕೊಡುತ್ತದೆ. 255 ಹೋಗಿ 1 ಬರುತ್ತದೆ, ಸಿಪಿಯ ಅಪಾಯವೇ ಮರಳುತ್ತದೆ.

ನಾನು ಉಳಿಸಿಕೊಂಡಿದ್ದು ಸ್ಕ್ರಿಪ್ಟ್. ಆರ್ಚೈವ್‌ನಲ್ಲಿ ಗುರುತಿಗೊಂದು ಫೈಲ್ ಇಟ್ಟು ಮೊದಲು ಅದನ್ನು ಹುಡುಕುತ್ತದೆ. ಗುರುತು ಇದ್ದು ಕೇಳಿದ ಫೈಲ್ ಇಲ್ಲದಿದ್ದರೆ 1. ಗುರುತೇ ಕಾಣದಿದ್ದರೆ ಡೇಟಾ ಡೈರೆಕ್ಟರಿಯಲ್ಲಿ ‘ಇದು ಸ್ಟ್ಯಾಂಡ್‌ಬೈ’ ಎಂದು ಸಾರುವ ಸ್ಟ್ಯಾಂಡ್‌ಬೈ ಸಿಗ್ನಲ್ ಫೈಲ್ ಇದೆಯೇ ನೋಡಿ, ಇದ್ದರೆ 1, ಇಲ್ಲದಿದ್ದರೆ 255. ಎರಡು ಕಡೆ ಎಚ್ಚರ ಬೇಕು: ಟೈಮ್‌ಔಟ್ ಕಮಾಂಡ್ ಅವಧಿ ಮೀರಿದಾಗ ಕೊಡುವ 124 ‘ಫೈಲ್ ಇಲ್ಲ’ದ ಗುಂಪಿಗೆ ಸೇರುತ್ತದೆ, ಸ್ಕ್ರಿಪ್ಟಿಗೆ ಎಕ್ಸಿಕ್ಯೂಟ್ ಅನುಮತಿ ಕೊಡದಿದ್ದರೆ ಬರುವ 126 ಸ್ಟ್ಯಾಂಡ್‌ಬೈಯನ್ನೇ ಕೆಡವುತ್ತದೆ.

ಬೇಡವಾದ ವಾಲ್ ಫೈಲ್‌ಗಳನ್ನು ಅಳಿಸುವ ಕ್ಲೀನಪ್ ಕಮಾಂಡ್ ಮತ್ತು ರಿಕವರಿ ಮುಗಿದಾಗ ಓಡುವ ರಿಕವರಿ ಎಂಡ್ ಕಮಾಂಡ್‌ಗಳಲ್ಲಿ ಸಾಮಾನ್ಯ ವೈಫಲ್ಯಕ್ಕೆ ಲಾಗ್‌ನಲ್ಲಿ ವಾರ್ನಿಂಗ್ ಬಿದ್ದು ಕೆಲಸ ಮುಂದುವರಿಯುತ್ತದೆ. ಆದರೆ ರಿಕವರಿ ಎಂಡ್‌ನಲ್ಲಿ ಕಮಾಂಡೇ ಸಿಗದಿದ್ದರೆ ಇಲ್ಲೂ ಫೇಟಲ್. ರಿಕವರಿ ಎಂಡ್ ಕಮಾಂಡಿನ ಪಾತ್‌ನಲ್ಲಿ ಒಂದಕ್ಷರ ತಪ್ಪಿದ್ದರೂ, ಸ್ಟ್ಯಾಂಡ್‌ಬೈ ಪ್ರೈಮರಿ (ಮುಖ್ಯ ಸರ್ವರ್) ಆಗಬೇಕಾದ ಹೊತ್ತಿಗೇ ಸರ್ವರ್ ತೆರೆಯುವುದಿಲ್ಲ.