ಸ್ಟೂಲ್, ಗಾಳಿ ಚಾಪೆ, ಫೋಮ್ ಚಾಪೆ: ತುಳಜಾಪುರದ ದಾರಿಯಲ್ಲಿ ನಾನು ನೋಡಿದ್ದು

650 ರೂಪಾಯಿ ಕೊಟ್ಟು ತರಿಸಿದ ಮಡಚುವ ಸ್ಟೂಲ್ ಈಗ ನಮ್ಮ ಅಡುಗೆಮನೆಯಲ್ಲಿದೆ. ಅವ್ವ ಅದರ ಮೇಲೆ ಕೂತು ಬೇಳೆ ಹಸನು ಮಾಡುತ್ತಾಳೆ. ಸೀಗಿ ಹುಣ್ಣಿಮೆಗೆ ತುಳಜಾಪುರದ ಅಂಬಾಭವಾನಿ ದರ್ಶನಕ್ಕೆ ನಡೆದು ಹೋಗುವಾಗ ನನ್ನ ಚೀಲಕ್ಕೆ ಕಟ್ಟಿರುವುದು 280 ರೂಪಾಯಿಯ ಫೋಮ್ ಚಾಪೆ.

ಕಲಬುರಗಿಯಿಂದ ನಾವು ಆಳಂದದ ರಸ್ತೆ ಹಿಡಿಯುತ್ತೇವೆ. ಆಳಂದಕ್ಕೇ ಸುಮಾರು 40 ಕಿಲೋಮೀಟರ್. ಆಮೇಲೆ ಮಹಾರಾಷ್ಟ್ರದ ಗಡಿ ದಾಟಿ ನಳದುರ್ಗ, ಅಲ್ಲಿಂದ ತುಳಜಾಪುರ. ಇಷ್ಟು ದೂರ ನಡೆಯುವಾಗ ಗಂಟೆಗೊಮ್ಮೆ ಹತ್ತು ನಿಮಿಷ ದಣಿವಾರಿಸಿಕೊಳ್ಳಲೇಬೇಕು. ಎಲ್ಲಿ, ಹೇಗೆ ಕೂರುತ್ತೀರಿ ಅನ್ನುವುದು ಬೂಟಿನಷ್ಟೇ ಮುಖ್ಯ.

ಮೊದಲ ವರ್ಷ ಸ್ಟೂಲ್ ಒಯ್ದೆ. ಮನೆಯ ಫರಸಿ ಮೇಲೆ ಇಟ್ಟು ನೋಡಿದಾಗ ಗಟ್ಟಿಯಾಗಿತ್ತು. ದಾರಿಯಲ್ಲಿ ಫರಸಿ ಎಲ್ಲಿದೆ? ಡಾಂಬರಿನ ಅಂಚಿನಲ್ಲಿ ಕೂರುವ ಹಾಗಿಲ್ಲ, ಮೈ ಸವರಿಕೊಂಡೇ ಲಾರಿ ಹೋಗುತ್ತವೆ. ನೆರಳು ಬೇಕಂದ್ರೆ ತೊಗರಿ ಹೊಲದ ಬದುವಿಗೆ ಇಳಿಯಬೇಕು. ಅಲ್ಲಿ ಎರೆಮಣ್ಣು. ಹಿಂದಿನ ರಾತ್ರಿ ಮಳೆಯೂ ಆಗಿತ್ತು.

ಕಡಗಂಚಿ ಹತ್ತಿರ ಒಂದು ಬೇವಿನ ಮರದ ಕೆಳಗೆ ಕೂತೆ. ಎರಡು ನಿಮಿಷಕ್ಕೇ ಸ್ಟೂಲಿನ ಒಂದು ಕಾಲು ಮಣ್ಣಿನೊಳಗೆ ಗೇಣುದ್ದ ಇಳಿಯಿತು. ಎದ್ದು ಕಿತ್ತು ಬೇರೆ ಕಡೆ ಇಟ್ಟೆ, ಅಲ್ಲೂ ಅದೇ ಕತೆ. ಹಸಿ ಎರೆಮಣ್ಣು ಹಿಡಿದರೆ ಬಿಡುವುದಿಲ್ಲ. ಜೋರಾಗಿ ಎಳೆದಾಗ ಕಾಲು ಬಂತು, ಅದರ ರಬ್ಬರ್ ಟೊಪ್ಪಿಗೆ ಮಣ್ಣಲ್ಲೇ ಉಳಿಯಿತು. ಟೊಪ್ಪಿಗೆ ಇಲ್ಲದ ಪೈಪು ಇನ್ನೂ ಬೇಗ ಇಳಿಯುತ್ತದೆ, ಒಳಗೆಲ್ಲ ಮಣ್ಣು ತುಂಬಿಕೊಳ್ಳುತ್ತದೆ. ಆಳಂದ ಮುಟ್ಟುವಷ್ಟರಲ್ಲಿ ಮೂರು ಟೊಪ್ಪಿಗೆಗಳಲ್ಲಿ ಎರಡು ಹೋಗಿದ್ದವು. ಪ್ರತಿ ಸಲ ಕಡ್ಡಿಯಿಂದ ಕೆರೆದು, ಒರೆಸಿ, ಮಡಚಿ ಕಟ್ಟುವುದರಲ್ಲೇ ಹತ್ತು ನಿಮಿಷ ಮುಗಿಯುತ್ತಿತ್ತು. ದಣಿವು ಹಾಗೇ ಇರುತ್ತಿತ್ತು.

ಮಣ್ಣಿಗಿಂತ ದೊಡ್ಡ ತೊಂದರೆ ಬೇರೆ ಇತ್ತು. ಸ್ಟೂಲಿನ ಮೇಲೆ ಕೂತರೆ ಕಾಲು ಇಳಿಬಿದ್ದೇ ಇರುತ್ತವೆ. ದಿನವಿಡೀ ನಡೆದಾಗ ರಕ್ತ, ನೀರು ಪಾದಕ್ಕೆ ಇಳಿದು ಬಾವು ಬಂದಿರುತ್ತದೆ. ಇಳಿಬಿಟ್ಟ ಕಾಲಿಗೆ ಆ ಬಾವು ಕಡಿಮೆಯಾಗುವುದಿಲ್ಲ. ಸಂಜೆ ನನ್ನ ಬೂಟು ಬಿಗಿಯಾಗಿ, ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ನಮ್ಮ ಜೊತೆ ನಡೆಯುವ ಕಾಕಾ ಅದನ್ನು ನೋಡಿ, "ತಮ್ಮಾ, ಕುಂಡ್ರಬ್ಯಾಡ, ಅಡ್ಡಾಗು. ಕಾಲು ಗಂಟಿನ ಮ್ಯಾಲ ಇಡು" ಅಂದರು. ಅವರ ಹತ್ತಿರ ಇದ್ದದ್ದು ಒಂದು ಖಾಲಿ ರಸಗೊಬ್ಬರದ ಚೀಲ ಅಷ್ಟೇ.

ಮರುವರ್ಷ ಗೆಳೆಯನ ಗಾಳಿ ತುಂಬುವ ಚಾಪೆ. ಮಲಗಲು ಬಹಳ ಮೆತ್ತಗೆ, ಮಡಚಿದರೆ ನೀರಿನ ಬಾಟಲಿಯಷ್ಟೇ. ಎರಡನೇ ದಿನ ಜಾಲಿಮುಳ್ಳು ಚುಚ್ಚಿತು, ಅಲ್ಲಿಗೆ ಮುಗಿಯಿತು.

ಫೋಮ್ ಚಾಪೆಗೆ ಮುಳ್ಳಿನ ಭಯವಿಲ್ಲ, ಅದರಲ್ಲಿ ಬರೀ ಸಣ್ಣ ಮುಚ್ಚಿದ ಗುಳ್ಳೆಗಳು. ಅದಕ್ಕೇ ನೀರನ್ನೂ ಹೀರುವುದಿಲ್ಲ. ಅರ್ಧ ಕೆಜಿಯೂ ತೂಗುವುದಿಲ್ಲ. ಊದಬೇಕಿಲ್ಲ, ಮಡಿಕೆ ಬಿಚ್ಚಬೇಕಿಲ್ಲ, ಹಾಸಿದರೆ ಆಯಿತು. ಬೂಟು, ಸಾಕ್ಸ್ ತೆಗೆದು ಬೆವರು ಆರಲು ಬಿಡುತ್ತೇನೆ, ಒದ್ದೆ ಪಾದಕ್ಕೆ ಗುಳ್ಳೆ ಬೇಗ ಏಳುತ್ತವೆ ಅಲ್ವಾ. ಚೀಲದ ಮೇಲೆ ಕಾಲಿಟ್ಟು ಅಡ್ಡಾಗುತ್ತೇನೆ. ಊಟದ ಹೊತ್ತು ಬಿಟ್ಟರೆ ಹತ್ತು ನಿಮಿಷಕ್ಕಿಂತ ಜಾಸ್ತಿ ಇಲ್ಲ. ಅರ್ಧ ಗಂಟೆ ಮಲಗಿದರೆ ಮೀನಖಂಡ ಬಿಗಿದುಕೊಂಡು ಮೊದಲ ಹೆಜ್ಜೆಗಳೇ ಕಷ್ಟ.

ಸುರುಳಿ ದಪ್ಪ, ಬಸ್ಸಿನಲ್ಲಿ ವಾಪಸ್ ಬರುವಾಗ ಎಲ್ಲರಿಗೂ ತಾಗುತ್ತದೆ. ಅದಷ್ಟೇ ದೂರು.

ಮೊಣಕಾಲು ನೋವಿದ್ದು ನೆಲಕ್ಕೆ ಕೂತು ಏಳಲು ಆಗದವರು ಸ್ಟೂಲೇ ತಗೊಳ್ಳಿ. ಆದರೆ ಕಾಲುಗಳ ತುದಿಗೆ ಅಗಲ ಬಿಲ್ಲೆ ಇರುವಂಥದ್ದು ನೋಡಿ. ಗಾಳಿ ಚಾಪೆ ರಾತ್ರಿ ಮಠದಲ್ಲೋ ಗುಡಿಯಲ್ಲೋ ಮಲಗಲು ಸರಿ, ಹೊಲದ ಬದುವಿಗೆ ಅಲ್ಲ.

ಈ ಸಲ ಕಾಕಾಗೂ ಒಂದು ಫೋಮ್ ಚಾಪೆ ತಂದುಕೊಟ್ಟೆ. ಅವರು ಗೊಬ್ಬರದ ಚೀಲ ಬಿಡಲಿಲ್ಲ. ಕೆಳಗೆ ಚೀಲ, ಮೇಲೆ ಚಾಪೆ ಹಾಸಿದರು. ಚಾಪೆಗೆ ಮಣ್ಣೇ ಹತ್ತಲಿಲ್ಲ. ಈಗ ನಾನೂ ಒಂದು ಚೀಲ ಇಟ್ಟುಕೊಂಡಿದ್ದೇನೆ.